ಹೆಂಚಿನ ಕಾರ್ಖಾನೆಗೆ ಹೋಗುತ್ತೀಯೇನು?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹೆಂಚಿನ ಮಾಡನ್ನು ಇಳಿಸಿದೆವು. ಮಂಗಳೂರಿನ ಹೊಯ್ಗೆ ಬಜಾರಿಗೂ ಬೋಳಾರಕ್ಕೂ ನಡುವೆ, ನೇತ್ರಾವತಿಯ ಗಾಳಿ ಅಂಗಳಕ್ಕೆ ಬೀಸುವಷ್ಟು ಹತ್ತಿರದಲ್ಲಿ, ನನ್ನ ತಂದೆಯವರು ಸಾಲ ಸೋಲ ಮಾಡಿ ಕಟ್ಟಿಸಿದ ಮನೆ ಅದು. ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಮಳೆಗಾಲಕ್ಕೆ ಮುನ್ನ ಮಾಡು ಹತ್ತಿ ಹೆಂಚು ಕೈಯಾಡಿಸುವವರು ಈಗ ಹುಡುಕಿದರೂ ಸಿಗುವುದಿಲ್ಲ. ಬೆಂಗಳೂರಿನಲ್ಲಿರುವ ಮಗ "ಅಪ್ಪ, ಇನ್ನು ಸಾಕು, ತಾರಸಿ ಮಾಡಿಸೋಣ" ಎಂದ. ಒಪ್ಪಿಕೊಂಡೆ. ಆದುದರಿಂದ ಈ ಬರಹವನ್ನು ಓದುವವರು ನನ್ನನ್ನು ಹಳೆಯದೆಲ್ಲ ಹಾಗೆಯೇ ಉಳಿಯಬೇಕೆಂದು ಹಟ ಹಿಡಿದವನೆಂದು ದಯವಿಟ್ಟು ತಿಳಿಯಬಾರದು. ಹಳೆಯದನ್ನು ಇಳಿಸಿದವರಲ್ಲಿ ನಾನೂ ಒಬ್ಬ.

ಮಾಡು ಇಳಿಸಲು ಬಂದವರು ಕೊಪ್ಪಳ ಜಿಲ್ಲೆಯ ಕೂಲಿಯವರು. ಅವರಲ್ಲಿ ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಒಂದು ಹೆಂಚನ್ನು ಮಗುಚಿ ಹಿಡಿದು, ಬೆರಳಿನಿಂದ ಪಾಚಿ ಕೆರೆದು ನನ್ನ ಬಳಿ ತಂದ.

"ಸರ್, ಇದರಾಗ ಏನೋ ಬರದೈತಲ್ರಿ, ಏನ್ರಿ ಅದು?"

ಕಾರ್ಖಾನೆಯ ಹೆಸರನ್ನೂ ಅದರ ಕೆಳಗೆ ಉಬ್ಬಕ್ಷರದಲ್ಲಿದ್ದ ಮಂಗಳೂರು ಎಂಬ ಊರ ಹೆಸರನ್ನೂ ಓದಿ ಹೇಳಿದೆ. ಅವನು ಅಷ್ಟಕ್ಕೆ ಬಿಡಲಿಲ್ಲ. "ಎಲ್ಲಾ ಒಂದ ಅಳತಿ ಅದಾವಲ್ರಿ. ಹೆಂಗ್ ಮಾಡ್ತಿದ್ರು?" ಎಂದು ಕೇಳಿದ.

ನಾನು ಬಾಯಿ ತೆರೆದೆ. ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ ಬೆಂಕಿಯಲ್ಲಿ ಸುಡುತ್ತಿದ್ದರು ಎಂಬುದಕ್ಕಿಂತ ಹೆಚ್ಚಿನದೇನೂ ನನ್ನ ಬಾಯಿಂದ ಹೊರಡಲಿಲ್ಲ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದವನು ನಾನು. ನನ್ನ ತಂದೆಯವರು ಮೂವತ್ತಮೂರು ವರ್ಷ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಆ ಹುಡುಗನ ಕೈಯಲ್ಲಿದ್ದ ಹೆಂಚು ಅವರ ಕೈಯನ್ನು ಹಾದು ಬಂದದ್ದಿದ್ದರೂ ಇರಬಹುದು. ಆದರೂ ಅದು ಹೇಗೆ ಆಗುತ್ತದೆಂದು ನನಗೆ ತಿಳಿದಿರಲಿಲ್ಲ. ನಾನು ಎಂದೂ ಕೇಳಿರಲಿಲ್ಲ.

ಈ ಲಜ್ಜೆಯಿಂದಲೇ ಇಂದಿನ ಬರಹ ಹುಟ್ಟಿದೆ.

ಮಂಗಳೂರನ್ನು ದೂರದಿಂದ ನೋಡುವವರಿಗೆ ಇದು ಸೊರಗುತ್ತಿರುವ ಊರೆಂದು ಹೇಳಿದರೆ ನಗು ಬಂದೀತು. ವೈದ್ಯಕೀಯ ಕಾಲೇಜುಗಳು, ಬಹುಮಹಡಿ ವಸತಿ ಸಮುಚ್ಚಯಗಳು, ಮಾಲುಗಳು, ಪಣಂಬೂರಿನ ದೊಡ್ಡ ಬಂದರು, ಅದರ ಸುತ್ತಲಿನ ರಸಗೊಬ್ಬರ ಮತ್ತು ತೈಲ ಸಂಸ್ಕರಣಾ ಸ್ಥಾವರಗಳು ಎಲ್ಲವೂ ಇವೆ. ನಗರ ಬೆಳೆಯುತ್ತಲೇ ಇದೆ. ಆದರೆ ಈ ನಗರದ ಹೊಟ್ಟೆಯೊಳಗೆ ಇನ್ನೊಂದು ಹಳೆಯ ಊರಿದೆ. ಗುರುಪುರ ಮತ್ತು ನೇತ್ರಾವತಿ ನದಿಗಳು ಕಡಲು ಸೇರುವಲ್ಲಿ ಕುದ್ರೋಳಿ, ಬಂದರು, ಹೊಯ್ಗೆ ಬಜಾರು, ಬೋಳಾರ, ಜೆಪ್ಪು ಎಂದು ನೀರಿನ ಅಂಚನ್ನು ಹಿಡಿದು ಹಬ್ಬಿದ್ದ ಆ ಊರು ಹೆಂಚು, ಗೇರುಬೀಜ, ಕಾಫಿ, ಬೀಡಿ, ಮೀನುಗಳಿಂದ ಬದುಕಿತ್ತು. ಮರೆಯಾಗುತ್ತಿರುವುದು ಆ ಊರು.

ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡು ಕುಲವೃತ್ತಿಯನ್ನೂ ಆಸರೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವುದು ಅವರಿಗೆ ಅನಿವಾರ್ಯವಾಯಿತು. ನೇಯ್ಗೆ, ಮುದ್ರಣ ಮೊದಲಾದ ಕೈಗಾರಿಕೆಗಳನ್ನು ಆರಂಭಿಸಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಯೂರೋಪಿನಲ್ಲಿ ಆಗಲೇ ಬಳಕೆಯಲ್ಲಿದ್ದ, ಒಂದರ ಅಂಚು ಇನ್ನೊಂದರ ಅಂಚಿನೊಳಗೆ ಕೂತುಕೊಳ್ಳುವ ಹೆಂಚಿನ ವಿನ್ಯಾಸವನ್ನು ನಮ್ಮ ನದೀತೀರದ ಮಣ್ಣಿಗೆ ಅವರು ಒಗ್ಗಿಸಿದರು. ಅದುವರೆಗೆ ಇಲ್ಲಿನ ಮಾಡುಗಳೆಂದರೆ ಮುಳಿಹುಲ್ಲು, ತೆಂಗಿನ ಮಡಲು, ಅನುಕೂಲಸ್ಥರಿಗೆ ಕುಂಬಾರರ ನಾಡಹೆಂಚು. ಬೆಂಕಿಗೂ ಗಾಳಿಗೂ ಸುಲಭವಾಗಿ ಜಗ್ಗದ, ಹಗುರವಾದ ಈ ಹೊಸ ಹೆಂಚು ಕೆಲವು ದಶಕಗಳಲ್ಲಿ ಕರಾವಳಿಯ ರೂಪವನ್ನೇ ಬದಲಿಸಿತು. ಸ್ಥಳೀಯ ಉದ್ಯಮಿಗಳೂ ಒಬ್ಬೊಬ್ಬರಾಗಿ ಕಾರ್ಖಾನೆ ಹೂಡಿದರು. ಮೊದಲ ಮಹಾಯುದ್ಧ ಬಂದಾಗ ಮಿಷನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರಕಾರ ಶತ್ರುಪಕ್ಷದ ಸ್ವತ್ತೆಂದು ವಶಪಡಿಸಿಕೊಂಡು ಬಳಿಕ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿಕೊಟ್ಟಿತು. ಒಡೆಯರು ಬದಲಾದರೂ ಬೆಂಕಿ ಆರಲಿಲ್ಲ. ಇಲ್ಲಿಂದ ಹೊರಟ ಹೆಂಚು ಬರ್ಮಾ, ಸಿಲೋನ್, ಆಫ್ರಿಕಾದ ಪೂರ್ವ ಕರಾವಳಿ, ಆಸ್ಟ್ರೇಲಿಯಾದವರೆಗೂ ಹೋಯಿತು. ನಮ್ಮ ಊರಿನ ಹೆಸರು ನಮ್ಮ ಜನರಿಗಿಂತ ಮುಂಚೆ ಹೆಂಚಿನ ಬೆನ್ನ ಮೇಲೆ ಕೂತು ಪರದೇಶ ಸೇರಿತ್ತು.

ಹಳೆಯ ಬಂದರಿಗೆ ಒಂದು ಊನವಿತ್ತು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗುಗಳು ಒಳಗೆ ಬರುವಂತಿರಲಿಲ್ಲ. ಅವು ಹೊರಗಡಲಿನಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಧಕ್ಕೆಯಿಂದ ಸರಕನ್ನು ದೋಣಿಗಳಲ್ಲಿ ಒಯ್ದು ತುಂಬಿಸಬೇಕಾಗಿತ್ತು. ಹಾಯಿ ಕಟ್ಟಿದ ಮಂಜಿಗಳು ಮಾತ್ರ ನೇರ ಧಕ್ಕೆಗೆ ಬರುತ್ತಿದ್ದವು. ಮಳೆಗಾಲ ಹಿಡಿಯಿತೆಂದರೆ ಬಂದರು ಮುಚ್ಚಿತು, ಹೊರೆ ಹೊರುವವರಿಗೆ ಉಪವಾಸ ಆರಂಭವಾಯಿತು ಎಂದೇ ಅರ್ಥ. ನಮ್ಮ ಕೇರಿಯಲ್ಲಿ ಅಂಗಡಿಯ ಸಾಲದ ಲೆಕ್ಕ ಆಷಾಢದಲ್ಲಿ ಏರಿ ನವರಾತ್ರಿಯ ಹೊತ್ತಿಗೆ ಇಳಿಯುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಇಂಥ ಊರಿನಲ್ಲಿ. ಬೆಳಗ್ಗೆ ಕಾರ್ಖಾನೆಯ ಕೂಗು ಕೇಳಿದರೆ ನಮ್ಮ ಮನೆಯಲ್ಲಿ ಗಡಿಯಾರದ ಅಗತ್ಯವಿರಲಿಲ್ಲ. ತಂದೆಯವರ ಕೆಲಸ ಆವಿಗೆಯಲ್ಲಿ. ಹಸಿ ಹೆಂಚನ್ನು ಒಳಗೆ ಜೋಡಿಸುವುದು, ಸುಟ್ಟ ಮೇಲೆ ಪೂರ್ತಿ ತಣಿಯುವ ಮೊದಲೇ ಒಳಹೊಕ್ಕು ಹೊರತೆಗೆಯುವುದು. ಅವರ ಅಂಗೈ ಎಷ್ಟು ಗಡಸಾಗಿತ್ತೆಂದರೆ ಬಿಸಿ ಗಂಜಿಯ ಬಟ್ಟಲನ್ನು ಬಟ್ಟೆಯಿಲ್ಲದೆ ಹಿಡಿಯುತ್ತಿದ್ದರು. ಮಕ್ಕಳಾದ ನಮಗೆ ಅದೊಂದು ಪವಾಡದಂತೆ ಕಾಣುತ್ತಿತ್ತು. ಅಮ್ಮ ಮನೆಯಲ್ಲಿಯೇ ಬೀಡಿ ಕಟ್ಟುತ್ತಿದ್ದರು. ಸೂಪಿನಲ್ಲಿ ಎಲೆ, ಹೊಗೆಸೊಪ್ಪು, ನೂಲು. ಸಂಜೆ ಬೀಡಿಯ ಕಟ್ಟನ್ನು ಬ್ರಾಂಚಿಗೆ ಒಯ್ದುಕೊಡುವುದು ನನ್ನ ಪಾಲಿನ ಕೆಲಸ. ನನ್ನ ಶಾಲೆಯ ಶುಲ್ಕ ಬಂದದ್ದು ಅಮ್ಮನ ಬೆರಳುಗಳಿಂದ, ಅಕ್ಕಿ ಬಂದದ್ದು ಅಪ್ಪನ ಅಂಗೈಯಿಂದ.

ನಾನು ಪ್ರೌಢಶಾಲೆಯಲ್ಲಿದ್ದಾಗ ಪಣಂಬೂರಿನಲ್ಲಿ ಹೊಸ ಬಂದರು ಸಿದ್ಧವಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಬಂದು ಉದ್ಘಾಟಿಸಿದರು. ಊರಿಗೆ ಊರೇ ಸಂಭ್ರಮಿಸಿತು. ಸಂಭ್ರಮಿಸಬೇಕಾದದ್ದೇ. ಮಳೆಗಾಲದಲ್ಲೂ ಮುಚ್ಚದ, ಹಡಗು ದಡಕ್ಕೇ ಬಂದು ನಿಲ್ಲುವ ಬಂದರು ಬೇಡವೆಂದವರು ಯಾರು? ಆದರೆ ಸರಕೆಲ್ಲ ಉತ್ತರಕ್ಕೆ ಸರಿದ ಮೇಲೆ ಹಳೆಯ ಧಕ್ಕೆಯಲ್ಲಿ ಉಳಿದದ್ದು ಮೀನುಗಾರಿಕೆ, ಲಕ್ಷದ್ವೀಪದೊಂದಿಗಿನ ನಂಟು, ಮತ್ತು ಗೋದಾಮುಗಳ ನೆರಳು. ಆ ದಿನ ಸಂಜೆ ತಂದೆಯವರು ಊಟಕ್ಕೆ ಕೂತಾಗ ಹೇಳಿದ್ದು ನೆನಪಿದೆ. "ಅಲ್ಲಿ ಯಂತ್ರವೇ ಹೊರೆ ಎತ್ತುತ್ತದಂತೆ." ಅವರು ಸಂತೋಷದಿಂದ ಹೇಳಿದರೋ ಚಿಂತೆಯಿಂದ ಹೇಳಿದರೋ ಆಗ ತಿಳಿಯಲಿಲ್ಲ.

ಹೆಂಚಿನ ಕಾರ್ಖಾನೆಗಳನ್ನು ಮುಚ್ಚಿಸಿದ್ದು ಹೊಸ ಬಂದರಲ್ಲ. ಅದಕ್ಕೆ ಬೇರೆ ಕಾರಣಗಳಿದ್ದವು. ಕಾಂಕ್ರೀಟು ತಾರಸಿ ಬಡವರ ಕೈಗೂ ಎಟಕುವಂತಾಯಿತು. ಗಲ್ಫಿನ ಹಣ ಬಂದಲ್ಲೆಲ್ಲ ಮೊದಲು ಇಳಿದದ್ದು ಹೆಂಚಿನ ಮಾಡು. ಗದ್ದೆ ಮತ್ತು ನದೀತೀರಗಳಲ್ಲಿ ಆವೆಮಣ್ಣು ವಿರಳವಾಯಿತು. ಕಾಡಿನ ಕಾನೂನು ಬಿಗಿಯಾದಂತೆ ಸೌದೆ ದುಬಾರಿಯಾಯಿತು. ಕಾರ್ಖಾನೆಯಲ್ಲಿ ವರ್ಷವಿಡೀ ಹೆಂಚು ಸುಟ್ಟು ಬರುವ ಲಾಭಕ್ಕಿಂತ, ಕಾರ್ಖಾನೆ ನಿಂತ ನೆಲವನ್ನು ಮಾರಿ ಬರುವ ಲಾಭ ಹೆಚ್ಚಾಯಿತು. ಇದರಲ್ಲಿ ಖಳನಾಯಕರನ್ನು ಹುಡುಕುವುದು ವ್ಯರ್ಥ. ಒಂದೊಂದೇ ಕೊಳವೆ ಹೊಗೆಯುಗುಳುವುದನ್ನು ನಿಲ್ಲಿಸಿತು. ಒಂದೊಂದೇ ಹಿತ್ತಲು ಬಹುಮಹಡಿ ಕಟ್ಟಡವಾಯಿತು. ಹಾಗೆ ನೋಡಿದರೆ ಹೊಸ ಬಂದರಿನ ಬೆನ್ನಿಗೆ ಬಂದ ದೊಡ್ಡ ಉದ್ಯಮಗಳೂ ಚಿರಂಜೀವಿಗಳಲ್ಲ. ಘಟ್ಟದ ಮೇಲಿನ ಕುದುರೆಮುಖದಿಂದ ಕೊಳವೆಯಲ್ಲಿ ಹರಿದು ಪಣಂಬೂರಿಗೆ ಬರುತ್ತಿದ್ದ ಅದಿರು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಾಗ ತಾನೂ ನಿಂತಿತು. ಉದ್ಯಮಗಳು ಬರುತ್ತವೆ, ಹೋಗುತ್ತವೆ. ಅದನ್ನು ತಡೆಯುವುದು ನಿವೃತ್ತ ಮಾಸ್ತರನೊಬ್ಬನ ಕೈಯಲ್ಲಿಲ್ಲ.

ನನ್ನ ಕೈಯಲ್ಲಿದ್ದದ್ದು ಬೇರೆ. ಅದನ್ನು ನಾನು ಹೇಗೆ ಬಳಸಿದೆ ಎಂಬುದನ್ನು ಈಗ ಹೇಳಬೇಕು.

ಬಿ.ಎಡ್. ಮುಗಿಸಿ ನಾನು ಅಧ್ಯಾಪಕನಾದದ್ದು ನಮ್ಮ ಊರಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ. ತರಗತಿಯ ಕಿಟಕಿಯಿಂದ ಕಾರ್ಖಾನೆಯ ಹೊಗೆಕೊಳವೆ ಕಾಣುತ್ತಿತ್ತು. ಲೆಕ್ಕ ತಪ್ಪಿದ, ಪಾಠ ಒಪ್ಪಿಸದ ಮಕ್ಕಳಿಗೆ ಹೇಳಲು ನಮ್ಮೆಲ್ಲ ಅಧ್ಯಾಪಕರ ಬಳಿ ಒಂದು ಸಿದ್ಧ ವಾಕ್ಯವಿತ್ತು. "ಓದದಿದ್ದರೆ ಏನು ಮಾಡುತ್ತೀ? ಹೆಂಚಿನ ಕಾರ್ಖಾನೆಗೆ ಹೋಗುತ್ತೀಯೇನು?" ಕೈ ಕಿಟಕಿಯತ್ತ ಚಾಚಿದರೆ ಸಾಕು, ವಾಕ್ಯ ಪೂರ್ಣವಾಗುತ್ತಿತ್ತು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದು ಲೆಕ್ಕವಿಲ್ಲ. ನನ್ನ ತಂದೆ ಅಲ್ಲಿಯೇ ದುಡಿದವರೆಂದು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

1994ರಲ್ಲಿರಬೇಕು. ಹತ್ತನೆಯ ತರಗತಿ. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಪಾಠ. ಜೇಮ್ಸ್ ವಾಟ್, ಉಗಿಯಂತ್ರ, ಮ್ಯಾಂಚೆಸ್ಟರಿನ ಬಟ್ಟೆ ಗಿರಣಿಗಳು, ಅಲ್ಲಿ ದುಡಿದ ಹೆಂಗಸರು ಮತ್ತು ಮಕ್ಕಳ ಕಷ್ಟ ಎಲ್ಲವನ್ನೂ ನಾನು ಮನಮುಟ್ಟುವಂತೆ ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಗಮನ ಕೊಡಲಿಲ್ಲವೆಂದು ಅದೇ ವಾಕ್ಯವನ್ನು ಎಸೆದೆ. ತರಗತಿ ಎಂದಿನಂತೆ ನಕ್ಕಿತು. ಆಗ ಎರಡನೆಯ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. ಓದಿನಲ್ಲಿ ಜಾಣೆ, ಮಾತು ಕಡಿಮೆ.

"ನನ್ನ ಅಮ್ಮ ಅಲ್ಲಿಗೇ ಹೋಗುವುದು ಸರ್," ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಜರಿ ಕರೆದಾಗ ಉತ್ತರಿಸುವಂತೆ ಹೇಳಿದ್ದಳು. ನಾನು ಆ ಕ್ಷಣ "ನನ್ನ ತಂದೆಯೂ ಅಲ್ಲಿಗೇ ಹೋಗುತ್ತಿದ್ದರು ಮಗು" ಎನ್ನಬಹುದಿತ್ತು. ಅಷ್ಟು ಹೇಳಿದ್ದರೆ ಇಡೀ ತರಗತಿಗೆ ಅಂದು ಒಂದು ಒಳ್ಳೆಯ ಪಾಠವಾಗುತ್ತಿತ್ತು. ನಾನು ಹೇಳಿದ್ದು "ಕುಳಿತುಕೋ" ಎಂದು. ಮ್ಯಾಂಚೆಸ್ಟರಿಗೆ ಹಿಂದಿರುಗಿದೆ.

ಕಾಲ ಕಳೆಯಿತು. ಕಾರ್ಖಾನೆ ಮುಚ್ಚಿತು. ಬಾಕಿ ಹಣ, ಗ್ರಾಚ್ಯುಟಿಗಾಗಿ ಕಾರ್ಮಿಕರು ಅಲೆದರು. ಕೇರಿಯವರು ಅರ್ಜಿ ಬರೆಸಿಕೊಳ್ಳಲು ಸಂಜೆಯ ಹೊತ್ತು ನಮ್ಮ ಮನೆಯ ಚಿಟ್ಟೆಯ ಮೇಲೆ ಬಂದು ಕೂರುತ್ತಿದ್ದರು. "ಮಾಸ್ಟ್ರೇ, ಇಂಗ್ಲಿಷಿನಲ್ಲಿ ಒಂದು ಬರೆದು ಕೊಡಿ" ಎನ್ನುತ್ತಿದ್ದರು. ಬರೆದುಕೊಟ್ಟೆ. ಕೆಲವರಿಗೆ ಹಣ ಸಿಕ್ಕಿತು, ಕೆಲವರು ಕಾದು ಕಾದು ತೀರಿಕೊಂಡರು. ಎಷ್ಟು ವರ್ಷ ಸೇವೆ, ಯಾವ ವಿಭಾಗ ಎಂದು ಬರೆಯುವಾಗ ಕೇಳುತ್ತಿದ್ದೆ. ಅರ್ಜಿಗೆ ಬೇಕಾದ್ದಕ್ಕಿಂತ ಹೆಚ್ಚಿಗೆ ಏನನ್ನೂ ಕೇಳುತ್ತಿರಲಿಲ್ಲ.

2019ರಲ್ಲಿ ನನ್ನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ರಾತ್ರಿ ಪಾಳಿಯ ಹಿರಿಯ ದಾದಿಯೊಬ್ಬರು ರಕ್ತದೊತ್ತಡ ನೋಡಿ, ನನ್ನತ್ತ ತಿರುಗಿ, "ಗುರ್ತ ಸಿಕ್ಕಿತಾ ಸರ್?" ಎಂದರು. ಅವಳೇ. ಎರಡು ಮಕ್ಕಳ ತಾಯಿ, ಇಪ್ಪತ್ತು ವರ್ಷಕ್ಕೂ ಮೀರಿದ ಸೇವೆ. ಮೂರು ರಾತ್ರಿ ಅಲ್ಲಿದ್ದೆವು. ಕೊನೆಯ ರಾತ್ರಿ ಧೈರ್ಯ ತಂದುಕೊಂಡು ಆ ದಿನದ ಮಾತು ತೆಗೆದೆ. ಮರೆತಿರಬಹುದು ಎಂದು ಆಸೆಪಟ್ಟಿದ್ದೆ.

"ನೆನಪಿದೆ ಸರ್. ಅಳುತ್ತಾ ಮನೆಗೆ ಹೋಗಿದ್ದೆ. ಅಮ್ಮ ನಗಾಡಿದರು. ಮಾಸ್ಟ್ರು ಹೇಳಿದ್ದು ಸರಿಯೇ ಅಲ್ವಾ, ನೀನು ಅಲ್ಲಿಗೆ ಬರುವುದು ಬೇಡ, ಓದು ಎಂದರು."

ನನಗೆ ಹಗುರವೆನಿಸಿತು. ಆಗ ಅವಳು ಮುಂದುವರಿಸಿದಳು. "ಆದರೆ ಅದರ ನಂತರ ಅಮ್ಮ ಶಾಲೆಗೆ ಬರಲೇ ಇಲ್ಲ. ನಿಮಗೆ ಗೊತ್ತಾಗಿರಲಿಕ್ಕಿಲ್ಲ. ಹೆತ್ತವರ ಸಭೆಗೆ ಮಾವನನ್ನು ಕಳಿಸುತ್ತಿದ್ದರು. ಕೈಯಲ್ಲಿ ಮಣ್ಣಿನ ಬಣ್ಣ ಹೋಗುವುದಿಲ್ಲ, ನಿನಗೆ ಅವಮಾನ ಆಗುವುದು ಬೇಡ ಎನ್ನುತ್ತಿದ್ದರು."

ನನಗೆ ಗೊತ್ತಾಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆತ್ತವರ ಹಾಜರಿಯ ಕಾಲಂ ಇರುವುದಿಲ್ಲ.

ಆ ರಾತ್ರಿಯಿಂದ ಈ ವಿಷಯವನ್ನು ಹಲವು ಸಲ ಮನಸ್ಸಿನಲ್ಲಿ ಮಥಿಸಿದ್ದೇನೆ. ಆ ತಾಯಿ ಹೇಳಿದ್ದೂ ನಾನು ಹೇಳಿದ್ದೂ ಮೇಲ್ನೋಟಕ್ಕೆ ಒಂದೇ ಮಾತು. ಆದರೆ ಎರಡಕ್ಕೂ ಅಜಗಜಾಂತರವಿದೆ. "ಈ ಕೆಲಸ ಕಷ್ಟದ್ದು, ನಿನಗೆ ಬೇಡ" ಎಂದದ್ದು ತಾಯಿ. "ಈ ಕೆಲಸ ಕೀಳು, ಇದನ್ನು ಮಾಡುವವರು ಓದು ತಲೆಗೆ ಹತ್ತದವರು" ಎಂದದ್ದು ಮಾಸ್ತರ. ಮೊದಲನೆಯದು ಮಮತೆ, ಎರಡನೆಯದು ತಿರಸ್ಕಾರ. ಮಕ್ಕಳನ್ನು ಕಷ್ಟದಿಂದ ಪಾರುಮಾಡಬೇಕೆಂಬ ಸದುದ್ದೇಶ ನಮಗೆ ಇತ್ತೆನ್ನುವುದು ನಿಜ. ಆದರೆ ಅವರನ್ನು ಪಾರುಮಾಡುವ ದೋಣಿಗೆ ಅವರ ತಾಯ್ತಂದೆಯರ ಮರ್ಯಾದೆಯನ್ನೇ ಹಲಗೆಯಾಗಿ ಬಡಿದೆವು.

ನನ್ನ ಅಭಿಪ್ರಾಯವಿಷ್ಟೆ. ಒಂದು ಉದ್ಯಮ ಮುಚ್ಚುವುದರಿಂದ ಊರು ಅಳಿಯುವುದಿಲ್ಲ. ಆ ಉದ್ಯಮದಲ್ಲಿ ದುಡಿದವರ ಮಕ್ಕಳು ಅದರ ಹೆಸರೆತ್ತಲು ನಾಚಿದಾಗ ಊರು ಅಳಿಯುತ್ತದೆ. ಆ ನಾಚಿಕೆಯನ್ನು ಕಲಿಸಿದವರು ಕಾಂಕ್ರೀಟು ಮಾರುವವರಲ್ಲ, ನಾವು ಅಧ್ಯಾಪಕರು. ಸಾಮಾನ್ಯವಾಗಿ ಬೇರೆಯವರ ತಪ್ಪುಗಳ ಮೇಲೆ ಕೆಂಪು ಶಾಯಿಯ ಗೆರೆ ಎಳೆದವನು ನಾನು. ಇದೊಂದನ್ನು ನನ್ನ ಉತ್ತರಪತ್ರಿಕೆಯ ಮೇಲೆಯೇ ಎಳೆದುಕೊಳ್ಳಬೇಕಾಗಿದೆ.

ಕೆಲವು ಮಿತ್ರರು ಹೇಳುವುದುಂಟು: ಹೆಂಚಿಗೆ ಈಗ ಮತ್ತೆ ಮರ್ಯಾದೆ ಬಂದಿದೆ, ರೆಸಾರ್ಟುಗಳಲ್ಲಿ, ಹೊಸ ಬಗೆಯ ಹೋಟೆಲುಗಳಲ್ಲಿ ಹಳೆಯ ಮಂಗಳೂರು ಹೆಂಚನ್ನು ಹುಡುಕಿ ತಂದು ಹೊದಿಸುತ್ತಾರೆ ಎಂದು. ನಿಜ. ನಮ್ಮ ಮನೆಯ ಹೆಂಚಿಗೂ ಅಂಥದೇ ಗಿರಾಕಿ ಬಂದಿದ್ದ. ಕಾರ್ಖಾನೆಯ ಹೆಸರು ಸ್ಪಷ್ಟವಾಗಿ ಕಾಣುವ ಹೆಂಚುಗಳನ್ನು ಬೇರೆಯಾಗಿ ಆರಿಸಿದ. ಅವನ ಮೇಲೆ ನನಗೇನೂ ದೂರಿಲ್ಲ. ಆದರೆ ಹೆಂಚಿಗೆ ಸಿಕ್ಕ ಮರ್ಯಾದೆ ಹೆಂಚು ಮಾಡಿದವರಿಗೆ ಸಿಕ್ಕಿತೆಂದು ಭ್ರಮಿಸಬಾರದು. ಹೆಂಚಿನ ಬೆನ್ನಿನ ಮೇಲೆ ಒಡೆಯನ ಹೆಸರಿದೆ, ಊರಿನ ಹೆಸರಿದೆ. ಒತ್ತಿದವಳ, ಸುಟ್ಟವನ ಹೆಸರಿಲ್ಲ.

ಇನ್ನು ಕೆಲವರು ಆ ಕಾರ್ಖಾನೆಗಳೇ ಮರಳಿ ಬರಬೇಕೆನ್ನುತ್ತಾರೆ. ಅದಕ್ಕೂ ನಾನು ಒಪ್ಪಲಾರೆ. ಆವಿಗೆಯ ಝಳ, ದೂಳು, ಎಣಿಕೆಯ ಲೆಕ್ಕದ ಕೂಲಿ, ಮಣ್ಣಿಗಾಗಿ ಹೊಂಡಬಿದ್ದ ಗದ್ದೆಗಳು, ಬೂದಿಯಾದ ಮರಗಳು ಇವನ್ನೆಲ್ಲ ನೆನಪಿನ ಬೆಳಕಿನಲ್ಲಿ ಚಂದಗಾಣಿಸುವುದು ಅನ್ಯಾಯ. ನನ್ನ ತಂದೆಯವರು ನಿವೃತ್ತರಾದ ಮೇಲೆ ಆ ಬೀದಿಯಲ್ಲಿ ಒಮ್ಮೆಯೂ ನಡೆದವರಲ್ಲ. ಅವರಿಗೆ ಕಾರ್ಖಾನೆಯ ಬಗ್ಗೆ ವ್ಯಾಮೋಹವಿರಲಿಲ್ಲ. ಆದರೆ ಮಾಡಿನ ಹೆಂಚು ಒಡೆದರೆ ಹೊಸದನ್ನು ಆರಿಸಲು ಅಂಗಡಿಗೆ ತಾವೇ ಹೋಗುತ್ತಿದ್ದರು. ಒಂದೊಂದನ್ನೂ ಕಿವಿಯ ಬಳಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಏಕೆಂದು ಆಗ ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಅದನ್ನು ನನಗೆ ತಿಳಿಸಿದವರು ಬೇರೊಬ್ಬರು. ಕೊಪ್ಪಳದ ಹುಡುಗನಿಗೆ ಉತ್ತರ ಕೊಡಲಾಗದ ಆ ಸಂಜೆಯೇ ನಾನು ನಮ್ಮ ಕೇರಿಯ ಕೊನೆಯ ಮನೆಗೆ ಹೋದೆ. ಅಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಇಪ್ಪತ್ತೆಂಟು ವರ್ಷ ಕಾರ್ಖಾನೆಯಲ್ಲಿ ದುಡಿದವರು. ಬಂದ ಉದ್ದೇಶ ಹೇಳಿದಾಗ ಮೊದಲು ನಂಬಲಿಲ್ಲ. "ಅದನ್ನೆಲ್ಲ ಕೇಳಿ ಏನು ಮಾಡ್ತೀರಿ ಮಾಸ್ಟ್ರೇ?" ಎಂದರು. ಆಮೇಲೆ ಒಂದೂವರೆ ಗಂಟೆ ಮಾತನಾಡಿದರು. ಗದ್ದೆಯಿಂದ, ಹೊಳೆಯ ಬದಿಯಿಂದ ದೋಣಿಯಲ್ಲಿ ಮಣ್ಣು ಬರುತ್ತಿತ್ತು; ಅದನ್ನು ರಾಶಿ ಹಾಕಿ ಹದವಾಗಲು ಬಿಡುತ್ತಿದ್ದರು; ಬೇರೆ ಬೇರೆ ಕಡೆಯ ಮಣ್ಣನ್ನು ಇಂತಿಷ್ಟೆಂದು ಬೆರೆಸದಿದ್ದರೆ ಹೆಂಚು ಸೀಳುತ್ತಿತ್ತು. ಯಂತ್ರದಲ್ಲಿ ನಾದಿ, ಹಲಗೆಯಂತೆ ಕತ್ತರಿಸಿ, ಎಣ್ಣೆ ಸವರಿ ಅಚ್ಚಿನಲ್ಲಿ ಒತ್ತಬೇಕು. ಅಂಚಿನಲ್ಲಿ ಹೊರಚಾಚಿದ ಮಣ್ಣನ್ನು ಹೆರೆಯುವುದು ಹೆಂಗಸರ ಕೆಲಸ. ಬಿಸಿಲಿಗೆ ಒಣಗಿಸಿದರೆ ಡೊಂಕಾಗುತ್ತದೆ, ನೆರಳಿನಲ್ಲಿಯೇ ದಿನಗಟ್ಟಲೆ ಆರಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆಮೇಲೆ ಆವಿಗೆ. ಚೆನ್ನಾಗಿ ಬೆಂದ ಹೆಂಚನ್ನು ತಟ್ಟಿದರೆ ಕಂಚಿನಂತೆ ನಾದ ಬರುತ್ತದೆ. ಬೇಯದಿದ್ದರೆ, ಬಿರುಕಿದ್ದರೆ ಸದ್ದು ಮಂಕು. "ಕಣ್ಣಿಗೆ ಕಾಣದ ಬಿರುಕು ಕಿವಿಗೆ ಗೊತ್ತಾಗ್ತದೆ ಮಾಸ್ಟ್ರೇ" ಎಂದರು ಅಜ್ಜಿ. ಮಣ್ಣಿನ ಶಾಸ್ತ್ರ, ಬೆಂಕಿಯ ಶಾಸ್ತ್ರ, ನಾದದ ಶಾಸ್ತ್ರ ಎಲ್ಲವೂ ಆ ಮಾತಿನಲ್ಲಿತ್ತು. ಬಿ.ಎಡ್. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಒಂದು ಸೂತ್ರವಿದೆ: ತಿಳಿದದ್ದರಿಂದ ತಿಳಿಯದ್ದರ ಕಡೆಗೆ, ಹತ್ತಿರದಿಂದ ದೂರಕ್ಕೆ ಮಗುವನ್ನು ಒಯ್ಯಬೇಕು ಎಂದು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದಿದ್ದೆ. ಆದರೆ ಕಿಟಕಿಯಾಚೆಯ ಹೊಗೆಕೊಳವೆಯಿಂದ ಮ್ಯಾಂಚೆಸ್ಟರಿಗೆ ಹೋಗಬಹುದಾಗಿದ್ದ ದಾರಿ ನನಗೆ ಹೊಳೆದಿರಲಿಲ್ಲ.

ಆದುದರಿಂದ ಈಗಲೂ ಸೇವೆಯಲ್ಲಿರುವ ಅಧ್ಯಾಪಕ ಬಂಧುಗಳಲ್ಲಿ ಎರಡು ವಿನಂತಿ. ಮೊದಲನೆಯದು, ವರ್ಷದಲ್ಲಿ ಒಂದು ದಿನವಾದರೂ ಊರಿನ ಹಿರಿಯ ದುಡಿಮೆಗಾರರನ್ನು ತರಗತಿಗೆ ಕರೆಯಿರಿ. ಹಾರ ತುರಾಯಿ ಬೇಡ, ಭಾಷಣ ಬೇಡ. ಅವರು ತಮ್ಮ ಕೆಲಸವನ್ನು ವಿವರಿಸಲಿ, ಮಕ್ಕಳು ಬರೆದುಕೊಳ್ಳಲಿ. ಹೆಂಚಿನವರು, ಮಂಜಿಯವರು, ಗೇರುಬೀಜ ಸುಲಿದವರು, ಬೀಡಿ ಕಟ್ಟಿದವರು ಇನ್ನೂ ಕೆಲವರು ಉಳಿದಿದ್ದಾರೆ. ಹತ್ತು ವರ್ಷ ಕಳೆದರೆ ಕರೆಯಲು ಯಾರೂ ಇರುವುದಿಲ್ಲ. ಎರಡನೆಯದು, ಯಾವ ಮಗುವಿಗೂ ಯಾರದೇ ದುಡಿಮೆಯನ್ನು ತೋರಿಸಿ ಹೆದರಿಸಬೇಡಿ.

ಎರಡನೆಯದನ್ನು ಹೇಳಲು ಕಾರಣವಿದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ತರಗತಿಯಲ್ಲಿ ಊರಿನವರ ಮಕ್ಕಳು ಕಡಿಮೆಯಾಗಿದ್ದರು. ಅವರೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿದ್ದರು. ನಮ್ಮ ಕನ್ನಡ ಶಾಲೆಯ ಬಾಗಿಲು ತೆರೆದಿಟ್ಟವರು ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದವರ ಮಕ್ಕಳು. ಹೆಂಚಿನ ಕಾರ್ಖಾನೆ ಇದ್ದ ಜಾಗದಲ್ಲಿ ಎದ್ದ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವರು ಅವರ ತಾಯ್ತಂದೆಯರು. ಒಂದು ದಿನ, ಮನೆಗೆಲಸ ಮಾಡದೆ ಬಂದ ಹುಡುಗನ ಎದುರು ನಿಂತು, "ಓದದಿದ್ದರೆ ನೀನೂ ಕಾಂಕ್ರೀಟು…" ಎಂದು ಆರಂಭಿಸಿದ್ದೆ. ಹೆಂಚಿನ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ನನ್ನ ನಾಲಿಗೆಯ ಮೇಲೆ ಮಾತ್ರ ಅದು ಇನ್ನೂ ನಡೆಯುತ್ತಿತ್ತು. ಆಸ್ಪತ್ರೆಯ ಆ ರಾತ್ರಿ ಕಳೆದು ಹೆಚ್ಚು ದಿನಗಳಾಗಿರಲಿಲ್ಲ. ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, "ನಿನ್ನ ಅಪ್ಪನಿಗೆ ಕಾಂಕ್ರೀಟಿನ ಮಿಶ್ರಣದ ಲೆಕ್ಕ ಗೊತ್ತಿರುತ್ತದೆ, ನಾಳೆ ಕೇಳಿಕೊಂಡು ಬಾ" ಎಂದೆ. ಮರುದಿನ ಅವನು ಬರೆದುಕೊಂಡು ಬಂದಿದ್ದ. ಇಷ್ಟು ಸಿಮೆಂಟಿಗೆ ಇಷ್ಟು ಮರಳು, ಇಷ್ಟು ಜಲ್ಲಿ. ಅನುಪಾತದ ಪಾಠಕ್ಕೆ ಅದು ಸಾಕಾಯಿತೆಂದು ಗಣಿತದ ಮೇಷ್ಟ್ರು ಹೇಳಿದರು.

2025ಕ್ಕೆ ಜೆಪ್ಪುವಿನಲ್ಲಿ ಮೊದಲ ಹೆಂಚು ಸುಟ್ಟು 160 ವರ್ಷ ತುಂಬಿತು. ನನಗೂ ಅದು ನೆನಪಾದದ್ದು ಈ ಬರಹಕ್ಕೆ ಕುಳಿತಾಗಲೇ. ನಮ್ಮ ಹೊಸ ತಾರಸಿಯ ಮೇಲೆ ನಿಂತರೆ ಅಳಿವೆಯ ಕಡೆ ಹೊರಟ ಮೀನುಗಾರಿಕಾ ದೋಣಿಗಳ ಬೆಳಕು ಕಾಣುತ್ತದೆ. ಹೊಗೆಕೊಳವೆ ಯಾವುದೂ ಕಾಣುವುದಿಲ್ಲ. ಮಾಡಿನಿಂದ ಇಳಿಸಿದ ಹೆಂಚುಗಳಲ್ಲಿ ಹನ್ನೆರಡನ್ನು ನಾನು ಮಾರಲಿಲ್ಲ. ಒಂದನ್ನು ಕೊಪ್ಪಳದ ಹುಡುಗನಿಗೆ, ಅಜ್ಜಿ ಹೇಳಿದ್ದನ್ನೆಲ್ಲ ವಿವರಿಸಿ ಕೊಟ್ಟೆ. ಅವನು ಕಿವಿಯ ಬಳಿ ಹಿಡಿದು ತಟ್ಟಿ ನೋಡಿ, "ಚಲೋ ಐತ್ರಿ ಸರ್" ಎಂದ. ಒಂದನ್ನು ಅಜ್ಜಿಗೆ ಒಯ್ದೆ. ಇನ್ನೊಂದನ್ನು ಆ ದಾದಿಯ ಮನೆಗೆ ತಲುಪಿಸಬೇಕೆಂದಿದ್ದೇನೆ. ಅವಳ ತಾಯಿ ಈಗಿಲ್ಲ. ಬಾಗಿಲಲ್ಲಿ ನಿಂತು ಏನು ಹೇಳಬೇಕೆಂದು ಇನ್ನೂ ತೋಚದೆ ಅದು ನನ್ನ ಮೇಜಿನ ಮೇಲೆಯೇ ಇದೆ.

ಓದುಗ ಮಿತ್ರರೇ, ನಿಮ್ಮ ಊರಿನಲ್ಲಿಯೂ ಇಂಥದೊಂದು ಮುಚ್ಚಿದ ಗಿರಣಿ, ಕಾರ್ಖಾನೆ, ಬಂದರು ಇದ್ದೀತು. ಅಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿಯೇ ಇದ್ದರೆ, ನಾಳೆಗೆ ಮುಂದೂಡದೆ ಇಂದೇ ಕೇಳಿ. ನನಗೆ ಕೇಳಲು ಮೂವತ್ತೊಂಬತ್ತು ವರ್ಷಗಳ ಅವಕಾಶವಿತ್ತು. 1999ರಲ್ಲಿ ಅದು ಮುಗಿಯಿತು.